ಕಟ್ಟಿಗಿ ಅಂದ್ರ

ನನ್ನ ಉದ್ಯೋಗ ಒಂದು ಪದ ಹೇಳುವುದು. ಬೆಳಿಗ್ಗೆ ಆರಕ್ಕೆ ಊರ ಉತ್ತರದ ಡಿಪೋದ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಕಾಡಿನ ಕಡೆಯಿಂದ ಗಾಡಿಗಳು ಬರುತ್ತವೆ. ಒಂದೊಂದೂ ನನ್ನ ಮುಂದೆ ನಿಲ್ಲುತ್ತದೆ, ನಾನು ಹೇರಿನ ಮೇಲೆ ಕೈಯಿಟ್ಟು ‘ಸೌದೆ’ ಎನ್ನುತ್ತೇನೆ, ಗಾಡಿ ಒಳಗೆ ಹೋಗುತ್ತದೆ. ಅಷ್ಟೇ. ಹೀಗೆ ಹೇಳಿಸಿಕೊಂಡ ಮರವನ್ನು ಮನೆಗೆ ಒಯ್ದು, ಒಲೆಗಿಡುವಾಗ ಇನ್ನೊಮ್ಮೆ ಅದೇ ಹೆಸರು ಹಿಡಿದು ಕರೆದರೆ ಉರಿಯುತ್ತದೆ, ಅನ್ನ ಬೇಯಿಸುತ್ತದೆ. ಹೇಳಿಸಿಕೊಳ್ಳದ ಮರ ಎಷ್ಟೇ ಒಣಗಿರಲಿ, ಸುಮ್ಮನೆ ಮರವಾಗಿಯೇ ಇರುತ್ತದೆ. ಹೇಳಿದ ಮಾತು ಒಂದು ದಿನ ಮಾತ್ರ ನಿಲ್ಲುತ್ತದೆ. ಆದ್ದರಿಂದ ನನಗೆ ರಜೆ ಇಲ್ಲ.

ನನಗಿಂತ ಮೊದಲು ಈ ಕುರ್ಚಿಯಲ್ಲಿ ಕೂರುತ್ತಿದ್ದ ಶೇಷಾದ್ರಿಯವರಿಗೆ ಸ್ವಲ್ಪ ತೊದಲು ಇತ್ತಂತೆ. ಈಗಲೂ ಮುದ್ದೆ ಗಂಟಾದರೆ ಹಿರಿಯರು ‘ಶೇಷಾದ್ರಿ ಕಾಲದ ಮುದ್ದೆ’ ಅನ್ನುತ್ತಾರೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು. ಉಚ್ಚಾರಣೆ ಶುದ್ಧವಾಗಿದೆ ಎಂಬ ಒಂದೇ ಕಾರಣಕ್ಕೆ ನಗರಸಭೆ ನನ್ನನ್ನು ಆರಿಸಿತು. ಜೀವಮಾನದಲ್ಲಿ ವ್ಯಾಕರಣದಿಂದ ಉಪಯೋಗವಾದದ್ದು ಅದೊಂದೇ ಸಲ.

ಇನ್ನೊಂದು ಪದವೂ ನನ್ನ ವಶದಲ್ಲಿದೆ. ಊರಲ್ಲಿ ಸಾವಾದ ದಿನ ನನ್ನನ್ನು ದಕ್ಷಿಣದ ಗೇಟಿಗೆ ಕರೆಯುತ್ತಾರೆ. ಅಲ್ಲಿ ನಿಂತ ಗಾಡಿಯ ಮೇಲೆ ಕೈಯಿಟ್ಟು ನಾನು ‘ಕಟ್ಟಿಗೆ’ ಎನ್ನಬೇಕು. ಆ ಗಾಡಿ ಸುಡುಗಾಡಿಗೆ ಹೋಗುತ್ತದೆ. ಊರೊಳಗೆ ಆ ಪದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ, ಕೇಳಿಸುವಷ್ಟು ದೂರದ ಒಲೆಗಳೆಲ್ಲ ಆರಿಹೋಗುತ್ತವೆ. ಇಲ್ಲಿ ಬರೆಯುವುದಕ್ಕೆ ಅಡ್ಡಿಯಿಲ್ಲ, ಕಾಗದಕ್ಕೆ ಕಿವಿಯಿಲ್ಲ. ಓದುವವರು ಮಾತ್ರ ದಯವಿಟ್ಟು ಅಡುಗೆಮನೆಯಲ್ಲಿ ಕೂತು ಗಟ್ಟಿಯಾಗಿ ಓದಬಾರದು.

ಹೊಳೆಬಸವ್ವ ಬಂದದ್ದು ಒಂದು ಸೋಮವಾರ, ಹನ್ನೊಂದರ ಬಸ್ಸಿನಲ್ಲಿ. ಐವತ್ತರ ಹತ್ತಿರದ ಹೆಂಗಸು, ಬಡಗಣ ಬಯಲಿನ ಕಡೆಯವಳು. ಕೈಯಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಕಬ್ಬಿಣದ ಹಂಚು, ಬಸ್ಸಿನ ಮೇಲೆ ಎರಡು ಮೂಟೆ ಜೋಳ. ಅವಳ ಊರಿನಲ್ಲಿ ಇಪ್ಪತ್ತು ವರ್ಷ ಖಾನಾವಳಿ ನಡೆಸಿದ್ದಳಂತೆ. ಅಲ್ಲಿ ಉಂಡುಹೋಗುತ್ತಿದ್ದ ಬಸ್ ಡ್ರೈವರೊಬ್ಬ ನಮ್ಮೂರಿನ ಹೆಸರು ಹೇಳಿ, ‘ಅಲ್ಲಿ ರೊಟ್ಟಿ ಬಡಿಯೋರು ಒಬ್ಬರೂ ಇಲ್ಲ’ ಎಂದು ಮರುಗಿದ್ದನಂತೆ. ಬಸ್ ಸ್ಟ್ಯಾಂಡಿನ ಪಕ್ಕ ರಂಗನಾಯಕಮ್ಮನವರ ಮನೆ ಇದೆ. ಅದರ ಬೀದಿಬದಿಯ ಕೋಣೆ ಖಾಲಿಯಿತ್ತು. ಹೊಳೆಬಸವ್ವ ಅದನ್ನು ಹಿಡಿದಳು.

ಒಲೆ ಹಾಕುವುದಕ್ಕೆ ನಮ್ಮಲ್ಲಿ ನಿಯಮವಿದೆ. ನಗರಸಭೆಯ ಒಲೆ ಪಾರುಪತ್ತೆಗಾರ ಜವರಪ್ಪ ಅದನ್ನು ನೋಡಿಕೊಳ್ಳುತ್ತಾನೆ. ಒಲೆ ಈ ಊರಿನ ಮಣ್ಣಿನದೇ ಆಗಬೇಕು. ಒಣಗಿದ ಮೇಲೆ, ಮೊದಲ ಕಡ್ಡಿ ಗೀರಿದ ದಿನದಿಂದ ಹಿಡಿದು ಮೂರನೆಯ ದಿನ ಮಧ್ಯಾಹ್ನ ಹನ್ನೆರಡರ ಸೈರನ್ ಕೂಗುವುದರೊಳಗೆ ಅದು ಹತ್ತಿಕೊಳ್ಳಬೇಕು. ಹತ್ತದಿದ್ದರೆ ಜವರಪ್ಪ ಹಾರೆ ತಂದು ಒಡೆಯುತ್ತಾನೆ, ಒಲೆಯ ಒಡೆಯರು ಮುಂದಿನ ಬಸ್ಸಿಗೆ ಊರು ಬಿಡಬೇಕು. ಹತ್ತದ ಒಲೆ ಪಕ್ಕದ ಒಲೆಗೂ ಸೋಮಾರಿತನ ಕಲಿಸುತ್ತದೆ ಎಂಬುದು ಹಿರಿಯರ ಅನುಭವ.

ಜವರಪ್ಪ ಈ ನಿಯಮ ತಿಳಿಸಲು ಹೋದಾಗ ನಾನೂ ಅಲ್ಲಿದ್ದೆ. ಹೆಂಡತಿ ತೀರಿಕೊಂಡ ಮೇಲೆ ನಾನು ಹೋಟೆಲ್ ಊಟದವನು. ಹೊಸ ಖಾನಾವಳಿ ಎಂದರೆ ಕಾಲು ತಾನಾಗಿ ಆ ಕಡೆ ಹೋಗುತ್ತದೆ.

“ಏನಮ್ಮಾ, ಒಲೆ ಹಾಕಬೇಕಾ? ಯೋಚ್ನೆ ಮಾಡ್ಬೇಡ,” ಎಂದ ಜವರಪ್ಪ ಧಾರಾಳವಾಗಿ. “ನಿಂಗೆ ಮಣ್ಣು ಕೊಡೋನು ನಾನೇ.”

ಹೊಳೆಬಸವ್ವನ ಮುಖ ಬಿಳಿಚಿಕೊಂಡಿತು. ಹಂಚನ್ನು ಎದೆಗೆ ಒತ್ತಿಕೊಂಡಳು. “ನನಗೇನಾಗೇತ್ರೀ ಅಂಥಾದ್ದು?” ಎಂದಳು.

“ಆಗೋದೇನು? ಈ ಊರಿಗೆ ಬಂದೋರಿಗೆಲ್ಲ ನಾನೇ ಕೊಡೋದು. ಈ ರಂಗನಾಯಕಮ್ಮಂಗೂ ನಾನೇ ಕೊಟ್ಟಿದ್ದು.”

ಹೊಳೆಬಸವ್ವ ರಂಗನಾಯಕಮ್ಮನವರನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು. “ಗಟ್ಟಿಮುಟ್ಟ ಅದಾರಲ್ರೀ,” ಎಂದಳು ಕೊನೆಗೆ.

“ಒಳ್ಳೇ ಮಣ್ಣು,” ಎಂದ ಜವರಪ್ಪ ಹೆಮ್ಮೆಯಿಂದ.

ಈ ಸಂಭಾಷಣೆಯಲ್ಲಿ ಏನೋ ಎಡವಟ್ಟಿದೆ ಎಂದು ನನಗೆ ಅನ್ನಿಸಿತು. ಪದಗಳೆಲ್ಲ ಸರಿಯಾಗಿಯೇ ಇದ್ದವು. ವಾಕ್ಯರಚನೆಯಲ್ಲೂ ದೋಷವಿರಲಿಲ್ಲ. ಮೇಷ್ಟ್ರುಗಿರಿ ಮಾಡಿದವನಿಗೆ ಅದಕ್ಕಿಂತ ಆಚೆ ಯೋಚಿಸುವ ಅಭ್ಯಾಸವಿರುವುದಿಲ್ಲ.

ಅವಳು ಒಂದು ದಿನ ಯೋಚಿಸಿ ಮಣ್ಣು ತೆಗೆದುಕೊಂಡಳು, ಎರಡು ಬಾಯಿಯ ಒಲೆ ಹಾಕಿದಳು. ಅಂಥ ಒಲೆಯನ್ನು ನಮ್ಮೂರು ನೋಡಿರಲಿಲ್ಲ. ಅಂಗೈಯಿಂದ ಸವರಿ ಸವರಿ ನುಣುಪು ಮಾಡಿದ್ದಳು, ಮಲಗಿದ ಕರುವಿನ ಬೆನ್ನಿನ ಹಾಗೆ. ಒಂದು ವಾರ ಒಣಗಿತು. ಅದರ ಮರುದಿನ, ಮಂಗಳವಾರ ಬೆಳಿಗ್ಗೆ, ಡಿಪೋದಿಂದ ಬಂದ ಒಂದು ಹೊರೆಯನ್ನು ಒಲೆಯ ಮುಂದೆ ಇಟ್ಟುಕೊಂಡು ಕಡ್ಡಿ ಗೀರಿದಳು. ಹತ್ತಲಿಲ್ಲ. ಹೊರೆ ಹಸಿ ಇರಬೇಕೆಂದು ಬೀದಿಗೆ ಬಂದು, ಮನೆ ಮುಂದೆ ರಂಗೋಲಿ ಹಾಕುತ್ತಿದ್ದ ರಂಗನಾಯಕಮ್ಮನವರನ್ನು ಕೂಗಿ ಕೇಳಿದಳು: “ಯವ್ವಾ, ಇಲ್ಲೆ ಕಟ್ಟಿಗಿ ಎಲ್ಲೆ ಛಲೋ ಸಿಗತಾವು?”

ಎದುರಿನ ಹೋಟೆಲಿನಲ್ಲಿ ಹಂಚಿನ ಮೇಲಿದ್ದ ದೋಸೆ ಅರ್ಧಕ್ಕೆ ತಣ್ಣಗಾಯಿತು. ನಾನು ಅದನ್ನೇ ಕಾಯುತ್ತಾ ಕೂತಿದ್ದೆ, ಆದ್ದರಿಂದ ನಿಖರವಾಗಿ ಹೇಳಬಲ್ಲೆ. ಇನ್ನೂ ಎರಡು ಮನೆಗಳ ಒಲೆ ಆರಿದವು. ರಂಗನಾಯಕಮ್ಮನವರ ಕೈಯಿಂದ ರಂಗೋಲಿ ಬಟ್ಟಲು ಬಿತ್ತು.

“ಆ ಪದ ಅನ್ಬೇಡ ನಮ್ಮಮ್ಮ.”

“ಯಾ ಪದರೀ?”

“ಈಗ ಅಂದ್ಯಲ್ಲ.”

“ಯವ್ವಾ ಅಂದ್ನಿ.”

“ಅದಲ್ಲ. ಆಮೇಲಿಂದು.”

“ಇಲ್ಲೆ ಅಂದ್ನಿ.”

“ಅದಾದ್ಮೇಲೆ!”

“ಕಟ್ಟಿಗೀ?”

ಒಳಗೆ ಕುದಿಯುತ್ತಿದ್ದ ರಂಗನಾಯಕಮ್ಮನವರ ಸಾರು ಸದ್ದು ನಿಲ್ಲಿಸಿತು. “ಅದೇ!” ಎಂದು ಅವರು ಎರಡೂ ಕಿವಿ ಮುಚ್ಚಿಕೊಂಡು ಒಳಗೆ ಓಡಿದರು.

ನಮ್ಮೂರಿನವರು ಕೆಟ್ಟವರಲ್ಲ. ಹೊಸಬಳಿಗೆ ಬುದ್ಧಿ ಹೇಳಬೇಕೆಂದು ಆ ದಿನ ಕಡಿಮೆಯೆಂದರೂ ಹತ್ತು ಜನ ಹೋದರು. ಆದರೆ ತಪ್ಪು ಯಾವುದೆಂದು ಹೇಳಬೇಕಾದರೆ ಆ ಪದವನ್ನೇ ಹೇಳಬೇಕು. ಒಬ್ಬ ಸನ್ನೆ ಮಾಡಿದ. ಇನ್ನೊಬ್ಬ ದಕ್ಷಿಣದ ಕಡೆ ಕೈ ತೋರಿಸಿ ಕಣ್ಣು ಮೇಲೆ ಮಾಡಿದ. ಹೋಟೆಲಿನವನು ಅಂಗಾತ ಮಲಗಿ ತೋರಿಸಿದ. ಹೊಳೆಬಸವ್ವ ಅವನಿಗೆ ಮೂರ್ಛೆ ಬಂತೆಂದು ಮುಖಕ್ಕೆ ನೀರು ಎರಚಿ, ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟಳು. ಪ್ರತಿಯೊಬ್ಬರಿಗೂ ಅವಳು ಕೇಳಿದ್ದು ಒಂದೇ ಪ್ರಶ್ನೆ, ಅದೇ ಪದ ಸೇರಿಸಿ. ಸಂಜೆಯ ಹೊತ್ತಿಗೆ ಆ ಬೀದಿಯಲ್ಲಿ ಯಾರ ಮನೆಯಲ್ಲೂ ಕಾಫಿ ಇರಲಿಲ್ಲ. ‘ಯಾರ ಮನೆಗೆ ಗಾಡಿ ತರಿಸ್ತಾಳೋ’ ಎಂದು ಮುದುಕರು ಒಳಗೆ ಸೇರಿಕೊಂಡರು. ಜವರಪ್ಪ ಬಂದು, ತಣ್ಣಗಿದ್ದ ಒಲೆಯನ್ನು ಮುಟ್ಟಿ ನೋಡಿ, ಬಾಗಿಲ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆದು ಹೋದ.

ಮರುದಿನ ಬೆಳಿಗ್ಗೆ ರಂಗನಾಯಕಮ್ಮನವರು ಡಿಪೋಕ್ಕೇ ಬಂದರು. “ಮೇಷ್ಟ್ರೇ, ಊರಲ್ಲಿ ಆ ಪದ ಅನ್ನೋ ಅಧಿಕಾರ ಇರೋದು ನಿಮಗೊಬ್ಬರಿಗೇ. ನೀವೇ ಹೋಗಿ ಬಿಡಿಸಿ ಹೇಳಿ.”

“ಆ ಅಧಿಕಾರ ದಕ್ಷಿಣದ ಗೇಟಿನಲ್ಲಿ ಮಾತ್ರ ಕಣಮ್ಮ.”

“ಹಂಗಾದ್ರೆ ಆ ಪದ ಅನ್ನದೆ ಬಿಡಿಸಿ ಹೇಳಿ. ಮೂವತ್ತು ವರ್ಷ ಪಾಠ ಮಾಡಿದ್ದೀರಲ್ಲ, ದಂಡಕ್ಕಾ?”

ಈ ಮಾತು ನಾಟಿತು. ಹೊರಡುವ ಮೊದಲು ಮನೆಗೆ ಹೋಗಿ ದೊಡ್ಡ ನಿಘಂಟನ್ನು ತೆಗೆದೆ. ‘ಸೌದೆ’ ನೋಡಿದೆ: ಕಟ್ಟಿಗೆ, ಉರುವಲು ಎಂದಿತ್ತು. ‘ಕಟ್ಟಿಗೆ’ ನೋಡಿದೆ: ಸೌದೆ, ಉರುವಲು. ‘ಉರುವಲು’ ನೋಡಿದೆ: ಸೌದೆ, ಕಟ್ಟಿಗೆ. ಮೂರು ಪುಟಗಳ ನಡುವೆ ಗಾಣದೆತ್ತಿನ ಹಾಗೆ ಎರಡು ಸುತ್ತು ಸುತ್ತಿ ಪುಸ್ತಕ ಮುಚ್ಚಿದೆ. ನಿಘಂಟು ಬರೆದವರು ನಮ್ಮೂರಿಗೆ ಬಂದಿರಲಿಲ್ಲ. ಬಂದಿದ್ದರೆ ಉಪವಾಸ ಹೋಗುತ್ತಿದ್ದರು.

ಹೊಳೆಬಸವ್ವ ಒಲೆಯ ಮುಂದೆ ಕೂತಿದ್ದಳು. ಹಿಟ್ಟು ನಾದಿಟ್ಟಿತ್ತು. ನನ್ನನ್ನು ಕೂರಿಸಿ, ಊರಿನಿಂದ ತಂದಿದ್ದ ಒಣಗಿದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕೊಟ್ಟಳು. “ಬಿಸೀದು ಕೊಡಬೇಕಂದ್ರ ನಿಮ್ಮೂರ ಬೆಂಕಿ ನನ್ನ ಮಾತ ಕೇಳವಲ್ದು, ಮಾಸ್ತರ್ರೀ.”

“ಮಾತು ಕೇಳುತ್ತದಮ್ಮ, ಅದೇ ತೊಂದರೆ,” ಎಂದೆ. ಹೊರೆಯಿಂದ ಒಂದು ತುಂಡು ಎತ್ತಿ ತೋರಿಸಿದೆ. “ಇದನ್ನು ನಾವು ಸೌದೆ ಅಂತೀವಿ. ಹೇಳು.”

“ಸೌದಿ.”

“ಸೌದೆ. ದೆ.”

“ದಿ.”

“ದೆ!”

“ಹಂಗ ಅಂದ್ನೆಲ್ಲರೀ. ಸೌದಿ.”

ಒಲೆಯ ಬಾಯಿಯಿಂದ ಒಂದು ಬಿಸಿಗಾಳಿ ಬಂತು. ಅದರಲ್ಲಿ ಖರ್ಜೂರದ ವಾಸನೆಯಿತ್ತು. ಒಂದು ಹಿಡಿ ಮರಳು ನೆಲಕ್ಕೆ ಸುರಿಯಿತು. ಹಿಂದೆಯೇ ಗಾಢವಾಗಿ ಪೆಟ್ರೋಲಿನ ವಾಸನೆ. ನಾನು ಬೆಂಕಿಪೊಟ್ಟಣವನ್ನು ಅವಳ ಕೈಯಿಂದ ಕಸಿದುಕೊಂಡೆ. ಹತ್ತು ನಿಮಿಷ ಬಾಗಿಲು ತೆರೆದಿಟ್ಟು ಇಬ್ಬರೂ ಬೀದಿಯಲ್ಲಿ ನಿಂತೆವು.

“ಮನೆಯನ್ನು ಮನಿ ಅಂತೀಯಾ?” ಎಂದು ಕೇಳಿದೆ.

“ಮತ್ತೇನಂತಾರ್ರೀ ಮನೀಗೆ?”

ಆ ದಾರಿ ಮುಚ್ಚಿತು. ಎಲ್ಲರಿಗೂ ಹೊಂದುವ ಪದ ಕೊಡೋಣವೆಂದು ಗೇಟಿನಲ್ಲಿ ಮಾಡುವ ಹಾಗೆ ಬೇರೊಂದು ಹೊರೆಯ ಮೇಲೆ ಕೈಯಿಟ್ಟು ‘ಉರುವಲು’ ಎಂದೆ, ಅವಳಿಂದಲೂ ಹೇಳಿಸಿದೆ. ಇದನ್ನು ಅವಳು ತಪ್ಪಿಲ್ಲದೆ ಹೇಳಿದಳು. ಬೆಂಕಿ ಹತ್ತಿತು! ಎತ್ತರಕ್ಕೆ, ಚೆಂದವಾಗಿ. ಅವಳು ಹಂಚಿಟ್ಟು ರೊಟ್ಟಿ ಬಡಿದು ಹಾಕಿದಳು. ಕಾಲು ಗಂಟೆಯಾದರೂ ರೊಟ್ಟಿ ಹಿಟ್ಟಾಗಿಯೇ ಇತ್ತು. ಉರಿಯೊಳಗೆ ಕೈ ಹಾಕಿ ನೋಡಿ, “ತಂಪ ಐತ್ರೀ,” ಎಂದಳು. ಯಾತಕ್ಕೆ ಉರಿಯಬೇಕೆಂದು ಹೇಳದಿದ್ದರೆ ಬೆಂಕಿಯಾದರೂ ಏನು ಮಾಡೀತು?

ಕೊನೆಯದಾಗಿ ನಗರಸಭೆಯ ಕಾಗದಗಳಲ್ಲಿ ಬರುವ ಪದವನ್ನು ಹೇಳಿಕೊಟ್ಟೆ. ಇಂಧನ.

“ಇಂದನ?” ಎಂದಳು, ಮುಖ ಅರಳಿಸಿ. “ಇಂದನ ಹತ್ತತೈತೇನ್ರೀ? ಆತು, ಇಂದನ ಹತ್ತಲಿ.”

ಅವಳು ‘ಇಂದೇ’ ಎಂದು ತಿಳಿದುಕೊಂಡಳೆಂದು ನನಗೆ ಹೊಳೆಯುವಷ್ಟರಲ್ಲಿ ಕೋಣೆ ಹೊಗೆಯಿಂದ ತುಂಬಿತು. ಬರೀ ಹೊಗೆ. ಅದು ಅವಳ ತಪ್ಪಲ್ಲ. ಆ ಪದ ಹೇಳಿದರೆ ನಮ್ಮೂರಿನಲ್ಲಿ ಯಾರಿಗೂ ಹೊಗೆಗಿಂತ ಹೆಚ್ಚು ಸಿಕ್ಕಿಲ್ಲ.

ಕಣ್ಣೊರೆಸಿಕೊಂಡು ಅವಳು ನೇರವಾಗಿ ಕೇಳಿದಳು. “ಅಲ್ಲರೀ ಮಾಸ್ತರ, ಕಟ್ಟಿಗಿ ಅಂದ್ರ ಏನ ತಪ್ಪೈತಿ?”

ಒಳಮನೆಯಿಂದ ರಂಗನಾಯಕಮ್ಮನವರ ನರಳಾಟ ಕೇಳಿಸಿತು.

“ಅದು ದಕ್ಷಿಣದ ಗೇಟಿನ ಪದ,” ಎಂದೆ.

“ಅಲ್ಲೇನೈತಿ?”

“ಗಾಡಿ ಹೋಗುತ್ತದೆ.”

“ಎಲ್ಲಿಗೆ?”

“ಕೊನೆಗೆ ಎಲ್ಲರೂ ಹೋಗುವ ಕಡೆ.”

“ಬಸ್ ಸ್ಟ್ಯಾಂಡ?”

ಮೂವತ್ತು ವರ್ಷ ಒಂದು ಪದಕ್ಕೂ ಅರ್ಥ ಹೇಳದೆ ಬಿಟ್ಟವನಲ್ಲ ನಾನು. ಆ ದಿನ ತಲೆ ತಗ್ಗಿಸಿ ಕಟಕ ರೊಟ್ಟಿ ಕಡಿದೆ. ಜವರಪ್ಪ ಬಂದು, ಇನ್ನೂ ತಣ್ಣಗಿದ್ದ ಒಲೆಯನ್ನು ಮುಟ್ಟಿ ನೋಡಿ ಎರಡನೆಯ ಗೆರೆ ಎಳೆದ. “ನಾಳೆ ಸೈರನ್‌ಗೆ ಬರ್ತೀನಮ್ಮ,” ಎಂದ, ಅವನಿಗೂ ಅದು ಇಷ್ಟವಿರಲಿಲ್ಲ. ಅವನು ಹೋದ ಮೇಲೆ ಹೊಳೆಬಸವ್ವ ಒಲೆಯ ಬೆನ್ನು ಸವರುತ್ತಾ ಬಹಳ ಹೊತ್ತು ಕೂತಳು.

“ಇದನ್ನ ಒಡದ್ರ ನಾ ಎಲ್ಲಿಗೆ ಹೋಗ್ಲಿರೀ? ನನ್ನ ಹಳೇ ಒಲಿ ಇದ್ದಲ್ಲೆ ಈಗ ಹೈವೇ ಐತಿ. ಮ್ಯಾಲ ಲಾರಿ ಹೊಂಟಾವು.” ಆಮೇಲೆ ತುಂಡುಗಳನ್ನು ಒಂದೊಂದಾಗಿ ಸರಿಮಾಡುತ್ತಾ, ಹಟಮಾರಿ ಕರುವನ್ನು ಕರೆಯುವ ಹಾಗೆ ಮೆಲ್ಲಗೆ, “ಹತ್ರೆವ್ವಾ ನನ್ನ ಕಟ್ಟಿಗೀ, ಹತ್ರಿ,” ಎಂದಳು.

ನಾನು ಆ ಪದವನ್ನು ನೂರಾರು ಸಲ ಹೇಳಿದ್ದೇನೆ. ನನ್ನ ಹೆಂಡತಿಯ ಗಾಡಿಗೂ ನಾನೇ ಹೇಳಿದೆ, ಉಚ್ಚಾರಣೆ ಶುದ್ಧವಾಗಿತ್ತು ಎಂದು ಎಲ್ಲರೂ ಹೊಗಳಿದರು. ಆದರೆ ಅದನ್ನು ಯಾರಾದರೂ ಮುದ್ದಿನಿಂದ ಕರೆಯಬಹುದು ಎಂದು ನನಗೆ ಗೊತ್ತಿರಲಿಲ್ಲ. ಮನೆಗೆ ನಡೆಯುವಾಗ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಜೋಳದ ಚೂರಿನ ಹಾಗೆ ಆ ‘ಗಿ’ ನಾಲಗೆಗೆ ತಾಕುತ್ತಲೇ ಇತ್ತು. ಎಷ್ಟು ಮುಕ್ಕಳಿಸಿದರೂ ಹೋಗಲಿಲ್ಲ.

ಗುರುವಾರ ಬೆಳಿಗ್ಗೆ ಆರಕ್ಕೆ ಕುರ್ಚಿಯಲ್ಲಿ ಕೂತೆ. ಮೊದಲ ಗಾಡಿ ಮುದುಕ ಮಾದಯ್ಯನದು. ಹೇರಿನ ಮೇಲೆ ಕೈಯಿಟ್ಟು ಹೇಳಿದೆ. ಮಾದಯ್ಯ ಎತ್ತುಗಳನ್ನು ಹೊಡೆಯದೆ ನಿಂತ.

“ಏನಂದ್ರಿ ಮೇಷ್ಟ್ರೇ?”

“ದಿನಾ ಅನ್ನೋದೇ.”

“ಕೊನೇಲಿ ಅದೇನೋ ಗೀ ಅಂದಂಗಾಯ್ತು.”

“ನೆಗಡಿ,” ಎಂದೆ.

ಅವನ ಹಿಂದೆ ಎಂಟು ಗಾಡಿಗಳು ಬಂದವು. ಎಂಟಕ್ಕೂ ಹೇಳಿದೆ. ಏನು ಹೇಳಿದೆ ಎಂದು ಇವತ್ತು ಗೊತ್ತು. ಆಗ ಗೊತ್ತಿತ್ತೇ ಎಂದು ಯಾರಾದರೂ ಕೇಳಿದರೆ, ಇವತ್ತಿಗೂ ಗೊತ್ತಿಲ್ಲ.

ಏಳೂವರೆಗೆ ಊರು ಎದ್ದು ಕೂತಿತು. ಒಂದು ಮನೆಯಲ್ಲೂ ಒಲೆ ಹತ್ತಿರಲಿಲ್ಲ. ಹೆಂಗಸರು ‘ಸೌದೆ, ಸೌದೆ’ ಎಂದು ಕೂಗಿ ಕೂಗಿ ಗಂಟಲು ಕಟ್ಟಿಕೊಂಡರು. ತುಂಡುಗಳು ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಬಿದ್ದಿದ್ದವು. ಹೋಟೆಲಿನವನು ನಿನ್ನೆಯ ವಡೆಯನ್ನು ತಣ್ಣೀರಿನ ಜೊತೆ ಕೊಟ್ಟು ಕೈಮುಗಿದ. ಶಾಲೆಯಲ್ಲಿ ಮಧ್ಯಾಹ್ನದ ಊಟವಿಲ್ಲವೆಂದು ಬೆಲ್ ಹೊಡೆದು ಮಕ್ಕಳನ್ನು ಬಿಟ್ಟರು. ‘ಆ ಹೆಂಗಸಿನ ಒಲೆಯಿಂದ ಸೋಮಾರಿತನ ಹಬ್ಬಿತು’ ಎಂದು ಯಾರೋ ಅಂದರು. ಹನ್ನೊಂದರ ಹೊತ್ತಿಗೆ ಎಲ್ಲರೂ ಅದನ್ನೇ ಅನ್ನುತ್ತಿದ್ದರು. ಕಾಫಿ ಕುಡಿಯದ ಜವರಪ್ಪ ಹಾರೆ ಹೆಗಲ ಮೇಲಿಟ್ಟುಕೊಂಡು ಹೊರಟ. ಅವನ ಹಿಂದೆ ಬೀದಿಯೇ ಹೊರಟಿತು. ಅವರ ಹಿಂದೆ ನಾನು.

ತಿರುವಿನಲ್ಲಿ ಜವರಪ್ಪ ನಿಂತ. ನಾವೆಲ್ಲ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಂತೆವು. ಇಡೀ ಊರಿನಲ್ಲಿ ಒಂದೇ ಒಂದು ಮಾಡಿನಿಂದ ಹೊಗೆ ಏಳುತ್ತಿತ್ತು. ಪಟ್ ಪಟ್ ಪಟ್ ಎಂದು ರೊಟ್ಟಿ ಬಡಿಯುವ ಸದ್ದು. ಅದರ ಜೊತೆ ಸುಟ್ಟ ಜೋಳದ ವಾಸನೆ, ಎಣ್ಣೆಯಲ್ಲಿ ಬದನೆಕಾಯಿಯ ವಾಸನೆ.

“ಬರ್ರಿ ಬರ್ರಿ!” ಎಂದಳು ಹೊಳೆಬಸವ್ವ, ಬೆವರು ಒರೆಸುತ್ತಾ. ಅವಳ ಎರಡು ಬಾಯಿಯ ಒಲೆ ಹಬ್ಬ ಮಾಡುತ್ತಿತ್ತು. “ಇವತ್ತ ಕಟ್ಟಿಗಿ ಭಾಳ ಛಲೋ ಬಂದಾವ್ರೀ.”

ಎಲ್ಲರೂ ಅಭ್ಯಾಸಬಲದಿಂದ ಕುಗ್ಗಿದರು. ಆರುವುದಕ್ಕೆ ಬೇರೆ ಒಲೆ ಇರಲಿಲ್ಲ. ಅವಳ ಬೆಂಕಿ ಮಾತ್ರ, ಹೆಸರು ಕೇಳಿದ ಕರುವಿನ ಹಾಗೆ, ಒಂದು ಗೇಣು ಜಿಗಿಯಿತು.

ಸೈರನ್ ಕೂಗಿತು. ಜವರಪ್ಪ ಒಲೆಯನ್ನು ನೋಡಿದ, ಹಾರೆಯನ್ನು ನೋಡಿದ. ಹಾರೆಯನ್ನು ಗೋಡೆಗೆ ಒರಗಿಸಿ, ಕಾಲು ಮಡಚಿ ಕೂತ. ಆಮೇಲೆ ಕೂರದವರು ಯಾರೂ ಉಳಿಯಲಿಲ್ಲ. ಕೋಣೆ ತುಂಬಿ, ಜಗಲಿ ತುಂಬಿ, ಸಾಲು ಹೋಟೆಲಿನ ಬಾಗಿಲವರೆಗೆ ಹೋಯಿತು. ಹೋಟೆಲಿನವನೇ ನೀರು ಬಡಿಸಿದ.

ಮೂರನೆಯ ರೊಟ್ಟಿಯಲ್ಲಿದ್ದ ರಂಗನಾಯಕಮ್ಮನವರು ತಡೆಯಲಾರದೆ ಕೇಳಿದರು. “ಅಲ್ಲ ಕಣಮ್ಮ, ಆ ಪದ ಅಂದ್ರೂ ನಿನ್ನ ಒಲೆ ಹೆಂಗಮ್ಮ ಉರೀತದೆ? ನಮ್ಮದೆಲ್ಲ ಆರಿಹೋಗ್ತಿತ್ತಲ್ಲ.”

“ಯಾಕ ಆರಬೇಕ್ರೀ? ಮೂರು ದಿನಾತು ಕೇಳಾಕತ್ತು. ಒಬ್ಬರೂ ಹೇಳವಲ್ರಿ.”

ಎಲ್ಲರೂ ತಟ್ಟೆ ನೋಡಿಕೊಂಡರು. ಕೊನೆಗೆ ನನ್ನನ್ನು ನೋಡಿದರು. ಬಾಯಲ್ಲಿದ್ದುದನ್ನು ನುಂಗಿ, ದಕ್ಷಿಣದ ಗೇಟಿನ ಅಧಿಕಾರವನ್ನು ಬಸ್ ಸ್ಟ್ಯಾಂಡಿನವರೆಗೆ ತಂದುಕೊಂಡು ಹೇಳಿದೆ: “ಹೊಳೆಬಸವ್ವ, ನಮ್ಮಲ್ಲಿ ಹೆಣ ಸುಡುವ ಮರಕ್ಕೆ ಮಾತ್ರ ಕಟ್ಟಿಗೆ ಅಂತೀವಿ.”

ಅವಳ ಕೈಯಲ್ಲಿದ್ದ ರೊಟ್ಟಿ ಗಾಳಿಯಲ್ಲೇ ನಿಂತಿತು. “ಹೆಣಾ ಸುಡ್ತೀರಿ? ಕಟ್ಟಿಗ್ಯಾಗ?” ಎಂದಳು, ನಂಬಲಾರದೆ. ಒಲೆಯನ್ನೊಮ್ಮೆ ನೋಡಿದಳು, ನಮ್ಮನ್ನೆಲ್ಲ ಒಮ್ಮೆ ನೋಡಿದಳು. “ನಮ್ಮ ಮಂದ್ಯಾಗ ಸುಡೂದಿಲ್ರೀ. ಕುಂದರಿಸಿ ಹೂಳತೀವಿ. ನಮ್ಮವ್ವನ್ನ, ನನ್ನ ಗಂಡನ್ನ, ಎಲ್ಲಾರ್ನೂ ಹಂಗ ಕುಂದರಿಸಿ ಬಂದೀನಿ. ನಮಗ ಕಟ್ಟಿಗಿ ಅಂದ್ರ ರೊಟ್ಟಿ. ಬ್ಯಾರೆ ಏನಿಲ್ಲ.”

ಆಮೇಲೆ ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಜವರಪ್ಪನ ಕಡೆ ತಿರುಗಿದಳು. “ಒಂದ ಮಾತಿಗೆ ಇಷ್ಟ ಬೆಚ್ಚಿಬಿದ್ರಿ. ಈ ಅಣ್ಣಾ ನಾ ಬಂದ ದಿನಾನ ಏನಂದಾ? ನಿನಗ ಮಣ್ಣ ಕೊಡ್ತೀನಿ ಅಂದಾ!”

“ಕೊಟ್ಟೆನಲ್ಲಮ್ಮ,” ಎಂದ ಜವರಪ್ಪ, ಗೊಂದಲದಿಂದ.

“ನಮ್ಮ ಕಡೆ ಸತ್ತವರಿಗೆ ಮಣ್ಣ ಕೊಡ್ತಾರ್ರೀ! ಕುಣ್ಯಾಗ ಇಳಿಸಿ, ಮ್ಯಾಲ. ಬಸ್ಸಿಂದ ಇಳದು ಇನ್ನೂ ನೀರ ಕುಡದಿದ್ದಿಲ್ಲ ನಾ, ಮಣ್ಣ ಕೊಡ್ತೀನಿ ಅಂದಾ. ಊರಿಗೆ ಬಂದೋರಿಗೆಲ್ಲಾ ಕೊಟ್ಟೀನಿ ಅಂದಾ. ಈ ಯವ್ವಗೂ ಕೊಟ್ಟೀನಿ ಅಂದಾ. ನೋಡಿದ್ರ ಯವ್ವ ನಿಂತಾಳ!”

ರಂಗನಾಯಕಮ್ಮನವರು ತಮ್ಮ ತೋಳನ್ನು ತಾವೇ ಮುಟ್ಟಿ ನೋಡಿಕೊಂಡರು. ಜವರಪ್ಪನಿಗೆ ರೊಟ್ಟಿ ನೆತ್ತಿಗೇರಿತು. ಹೋಟೆಲಿನವನು ಬೆನ್ನು ತಟ್ಟಿದ.

“ಆದ್ರೂ ನಾ ಏನರ ಅಂದ್ನೇನು?” ಎಂದಳು ಹೊಳೆಬಸವ್ವ, ದನಿ ಇಳಿಸಿ. “ಇವರೂರಾಗ ಮಾತ ಹಿಂಗ ಇರಬೇಕು ಅಂತ ಒಂದ ದಿನ ವಿಚಾರ ಮಾಡಿ, ಆ ಮಣ್ಣ ತಗೊಂಡು ಒಲಿ ಹಾಕಿದ್ನಿ. ಈಗ ಅದರ ಮ್ಯಾಲಿನ ರೊಟ್ಟೀನ ನೀವು ಉಣ್ಣಾಕತ್ತೀರಿ.”

ಕೆಮ್ಮು ನಿಂತ ಮೇಲೆ ಜವರಪ್ಪ ಬಹಳ ಯೋಚನೆ ಮಾಡಿದ. ಯೋಚನೆ ಸುತ್ತಿ ಬಳಸಿ ನನ್ನ ಮೇಲೆ ಬಂದು ನಿಂತಿತು. “ಅದಿರ್ಲಿ. ಇವತ್ತು ನಮ್ಮ ಒಲೆ ಯಾಕೆ ಹತ್ತಲಿಲ್ಲ? ಮೇಷ್ಟ್ರೇ?”

“ನೆಗಡಿಯಂತೆ,” ಎಂದ ಸಾಲಿನ ತುದಿಯಿಂದ ಮಾದಯ್ಯ.

“ತಪ್ಪಿ ಅಂದ್ರೋ, ಬೇಕಂತಲೇ ಅಂದ್ರೋ?”

ನಾನು ನಿಜವನ್ನೇ ಹೇಳಿದೆ, ಗೊತ್ತಿಲ್ಲ ಎಂದು. ಅದು ನಮ್ಮೂರಿನಲ್ಲಿ ಯಾರಿಗೂ ಸಮಾಧಾನ ಕೊಡುವ ಉತ್ತರವಲ್ಲ. ಆದರೆ ಬಾಯಿತುಂಬ ಬದನೆಕಾಯಿ ಇದ್ದಾಗ ಜನ ವಿಚಾರಣೆಯನ್ನು ಮುಂದಕ್ಕೆ ಹಾಕುತ್ತಾರೆ. ಅದು ಇನ್ನೂ ಮುಂದಕ್ಕೆ ಹೋಗುತ್ತಲೇ ಇದೆ. ಬಾಗಿಲ ಮೇಲಿನ ಎರಡು ಗೆರೆಗಳನ್ನು ರಂಗನಾಯಕಮ್ಮನವರು ತಮ್ಮ ಸೆರಗಿನಿಂದ ಒರೆಸಿದರು.

ಈಗ ಎಂಟು ಗಾಡಿಗಳಿಗೆ ಸೌದೆ ಎನ್ನುತ್ತೇನೆ. ಒಂಬತ್ತನೆಯದಕ್ಕೆ, ಆಚೀಚೆ ನೋಡಿ, ‘ಗಿ’ ಒತ್ತಿ ಇನ್ನೊಂದು ಹೇಳುತ್ತೇನೆ. ದಕ್ಷಿಣದ ಗೇಟಿಗೆ ಕರೆ ಬಂದ ದಿನ ‘ಗೆ’ ಎನ್ನಲು ಮನೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿಕೊಂಡು ಹೋಗಬೇಕಾಗಿದೆ. ಹೊಳೆಬಸವ್ವ ಬೀದಿಯಲ್ಲಿ ಕೂಗಿದರೆ ಒಲೆಗಳು ಈಗ ಪೂರ್ತಿ ಆರುವುದಿಲ್ಲ. ಒಂದು ಕ್ಷಣ ಮಿಣುಕಿ, ಯಾರು ಯಾರಿಗೆ ಹೇಳಿದ್ದೆಂದು ಯೋಚಿಸಿ, ಮುಂದುವರಿಯುತ್ತವೆ. ಒಂದೆರಡು ಮನೆಗಳಲ್ಲಿ ಆ ಯೋಚನೆಯಲ್ಲೇ ಹಾಲು ಉಕ್ಕುತ್ತದೆ.

ಮೊನ್ನೆ ಅವಳ ಒಲೆಯ ಒಂದು ಪಕ್ಕ ಬಿರುಕು ಬಿಟ್ಟಿತು. ಅದಕ್ಕೆ ಬೇಕಾದ್ದನ್ನು ತರುವುದು ಜವರಪ್ಪನ ಕೆಲಸ. ನಾನು ಊಟಕ್ಕೆ ಕೂತಿದ್ದಾಗ ಅವನು ತಲೆಯ ಮೇಲೆ ತುಂಬಿದ ಬುಟ್ಟಿ ಹೊತ್ತು ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ.

“ಹೊಳೆಬಸವ್ವಾ,” ಎಂದ. “ತಂದಿದ್ದೀನಿ.”

“ಏನ ತಂದೀರಿ ಅಣ್ಣಾರ?”

“ಅದೇ.”

“ಯಾವುದ್ರೀ?”

“ಅದೇ ಕಣಮ್ಮ. ಒಲೆಗೆ ಮೆತ್ತೋದು.”

“ಹೆಸರಿಲ್ಲೇನ್ರೀ ಅದಕ್ಕ?”

ಜವರಪ್ಪ ನನ್ನ ಕಡೆ ನೋಡಿದ. ಬುಟ್ಟಿಯ ಸಂದಿಯಿಂದ ಸಣ್ಣಗೆ ಉದುರಿ ಅವನ ಹುಬ್ಬಿನ ಮೇಲೆ ಕೂತಿತ್ತು. “ಮೇಷ್ಟ್ರೇ, ನೀವಾದ್ರೂ ಒಂದು ಪದ ಹೇಳಿ,” ಎಂದ ದೈನ್ಯದಿಂದ. ನಾನು ಬೇಗಬೇಗ ರೊಟ್ಟಿ ಮುರಿದು ಬಾಯಿ ತುಂಬಿಕೊಂಡೆ.

ಹೊಳೆಬಸವ್ವ ಕೈ ಝಾಡಿಸಿಕೊಂಡು ಎದ್ದು, ಬುಟ್ಟಿಯ ಒಂದು ಅಂಚನ್ನು ತಾನು ಹಿಡಿದಳು.

“ಇಳಸ್ರಿ ಮೊದಲ,” ಎಂದಳು. “ಹೆಸರ ಆಮ್ಯಾಲ ಹುಡುಕೂಣು.”